ಅವತ್ತೇ ಹೋಗ್ಬುಟ್ಟಿದ್ರೆ

ಮಂಡ್ಯದ ಯಾವ ಟೀ ಅಂಗಡಿ ಮುಂದೆ ನಿಂತರೂ ಈ ಮಾತು ಕಿವಿಗೆ ಬೀಳುತ್ತೆ: "ಅವತ್ತೇ ಹೋಗ್ಬುಟ್ಟಿದ್ರೆ ಇವತ್ತು ನನ್ ಕತೆನೇ ಬೇರೆ ಇರೋದು." ನನ್ನ ಕಾದಂಬರಿ ನಿಂತಿರೋದು ಇದೊಂದೇ ಮಾತಿನ ಮೇಲೆ.

ನಾಯಕ ನಿಂಗೇಗೌಡ. 1957ರಲ್ಲಿ ಹುಟ್ಟಿದವನು. 21ನೇ ವಯಸ್ಸಿಗೆ ಮೈಸೂರಿನ ಯಾದವಗಿರಿಯ ಜಾವಾ ಬೈಕ್ ಫ್ಯಾಕ್ಟ್ರಿಯಿಂದ ಕೆಲಸದ ಕಾಗದ ಬರುತ್ತೆ. ಅಪ್ಪ "ಗದ್ದೆ ಯಾರು ನೋಡ್ತಾರೆ?" ಅಂತಾನೆ. ಒಂದು ಬದುಕಿನಲ್ಲಿ ಅವನು ಹೋಗುತ್ತಾನೆ, ಇನ್ನೊಂದರಲ್ಲಿ ಊರಿನ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಲ್ಲೇ ಉಳಿಯುತ್ತಾನೆ. ಅಧ್ಯಾಯಗಳು ಒಂದಾದ ಮೇಲೊಂದು ಹೀಗೇ ಬರುತ್ತವೆ. ಕನಸು, ಭ್ರಮೆ ಅನ್ನೋ ನೆಪ ಹೂಡಲಿಲ್ಲ. ಎರಡನ್ನೂ ನಡೆದೇ ಹೋದ ಸಂಗತಿ ಅನ್ನುವಂತೆ ಬರೆದೆ.

ಕತೆಗೂ ಮುಂಚೆ ಒಂದು ದೊಡ್ಡ ಹಾಳೆ ತಗೊಂಡು ಎರಡು ಕಾಲಂ ಎಳೆದೆ. ಎಡಕ್ಕೆ ಗದ್ದೆ, ಬಲಕ್ಕೆ ಫ್ಯಾಕ್ಟ್ರಿ, ಮಧ್ಯದಲ್ಲಿ ಇಸವಿಗಳು. ಊರಿನ ನಿಜವಾದ ಚರಿತ್ರೆಯನ್ನು ಮೊದಲು ತುಂಬಿದೆ. ಅರ್ಧ ಕತೆ ಅಲ್ಲೇ ಹುಟ್ಟಿತು. ಯಾಕೆ ಗೊತ್ತಾ? ಜಾವಾ, ಆಮೇಲೆ ಯೆಜ್ಡಿ ತಯಾರಿಸುತ್ತಿದ್ದ ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಂದರೆ "ಹೋಗ್ಬುಟ್ಟಿದ್ರೆ" ಅಂತ ಕೊರಗುವ ಗೌಡ ನಿಜಕ್ಕೂ ಹೋಗಿದ್ದರೆ, 39ಕ್ಕೆ ಕೆಲಸ ಇಲ್ಲ, ಇಬ್ಬರು ಮಕ್ಕಳು, ಬಾಡಿಗೆ ಮನೆ. ಕೊರಗೋ ಮನುಷ್ಯ ಈ ಲೆಕ್ಕ ಹಾಕೋದೇ ಇಲ್ಲ. ಅವನ ಕಣ್ಣಲ್ಲಿ ಆ ಇನ್ನೊಂದು ಬದುಕಿಗೆ ಕರೆಂಟ್ ಬಿಲ್ ಬರಲ್ಲ, ಹಲ್ಲು ನೋಯಲ್ಲ. ನಾನು ಬಿಲ್ಲೂ ಕೊಟ್ಟೆ, ಹಲ್ಲುನೋವೂ ಕೊಟ್ಟೆ.

ವಿವರಕ್ಕಾಗಿ ಮೈಸೂರಿನ ಒಬ್ಬ ಹಳೇ ಮೆಕ್ಯಾನಿಕ್ ಹತ್ತಿರ ಸುಮ್ನೆ ಕೂತಿರುತ್ತಿದ್ದೆ. ಯೆಜ್ಡಿಯಲ್ಲಿ ಕಿಕ್ಕರ್ ಬೇರೆ, ಗೇರ್ ಬೇರೆ ಅಂತಿಲ್ಲ. ಎಡಗಡೆ ಒಂದೇ ಲಿವರ್. ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಕಿಕ್ಕರ್. ಗಾಡಿ ಸ್ಟಾರ್ಟ್ ಆದ ಮೇಲೆ ಮುಂದಕ್ಕೆ ತಂದರೆ ಅದೇ ಗೇರ್. ಇದನ್ನು ಎರಡೂ ಬದುಕಿಗೆ ಹಾಕಿದೆ. ಫ್ಯಾಕ್ಟ್ರಿ ಗೌಡನಿಗೆ ಆ ಲಿವರ್ ಅಂದರೆ ಶಿಫ್ಟು, ಎಣ್ಣೆ ಕೈ, ಬೈಗುಳ. ಬೈಕ್ ಬಗ್ಗೆ ಮಾತೇ ಆಡಲ್ಲ. ಊರಿನ ಗೌಡ ಮಾತ್ರ ಸೆಕೆಂಡ್ ಹ್ಯಾಂಡ್ ಯೆಜ್ಡಿ ತಂದು ಭಾನುವಾರ ಬಂತಂದ್ರೆ ಅದರ ಎರಡೂ ಸೈಲೆನ್ಸರ್ ಉಜ್ಜುತ್ತಾ ಕೂರುತ್ತಾನೆ.

ಅದಕ್ಕೆ ಸರಿಯಾಗಿ ಮೈಸೂರಿನವನಿಗೆ ಆಲೆಮನೆಯ ಹುಚ್ಚು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯೋದು, ಸುಣ್ಣ ಹಾಕಿ ನೊರೆ ತೆಗೆಯೋದು, ಬಿಸಿ ಬೆಲ್ಲ ನಾಲಿಗೆ ಸುಡೋದು. ಊರಲ್ಲಿರುವವನಿಗೆ ಅದೇ ಆಲೆಮನೆ ಅಂದರೆ ಕೂಲಿ ಆಳು ಸಿಗದ ತಲೆಬಿಸಿ, ಬೆಲ್ಲದ ರೇಟು. ಇಬ್ಬರಿಗೂ ಕೊರಗು ಇದೆ, ಆದರೆ ಒಂದೇ ಕೊರಗಲ್ಲ. ನನಗೆ ಬೇಕಿದ್ದಿದ್ದು ಇದೇ.

ತುಂಬಾ ಕಾಡಿದ್ದು ಹೆಂಡತಿ ವಿಷಯ. ಗೌಡನ ಮುಂಗೋಪ, ಉಪ್ಸಾರಿನ ಚಪಲ, ಮಂಡಿನೋವು ಎರಡೂ ಕಡೆ ಒಂದೇ ಇಟ್ಟೆ. ಆದರೆ ಮದುವೆ ಹಾಗೆ ಇಡೋಕಾಗುತ್ತಾ? ಮೈಸೂರು ಸೇರಿದವನಿಗೆ ಊರಿನ ಆ ಹೆಂಗಸು ಸಿಗೋದೇ ಇಲ್ಲ. ಹಾಗಂತ ಅವಳನ್ನು ಪುಸ್ತಕದಿಂದ ತೆಗೆದುಹಾಕೋಕೆ ಮನಸ್ಸು ಬರಲಿಲ್ಲ. 1996ರ ಅಧ್ಯಾಯದಲ್ಲಿ ಅವನು ಕೆಲಸ ಹುಡುಕಿಕೊಂಡು ಬೆಂಗಳೂರಿನ ರೈಲು ಹತ್ತುತ್ತಾನೆ. ರೈಲು ಮಂಡ್ಯದಲ್ಲಿ ನಿಲ್ಲುತ್ತೆ. ಅವಳು ಮಗುವನ್ನು ಎತ್ತಿಕೊಂಡು ಹತ್ತುತ್ತಾಳೆ. "ಸ್ವಲ್ಪ ಸರ್ಕೊಳ್ಳಣ್ಣ" ಅಂತಾಳೆ. ಅವನು ಪೇಪರಿನಿಂದ ತಲೆ ಎತ್ತದೇ ಸರಿಯುತ್ತಾನೆ. ಅಷ್ಟೇ. ಹಿಂದಿನ ಅಧ್ಯಾಯದಲ್ಲಿ ಅವಳ ಕೈ ಅಡುಗೆಯನ್ನು ಅವನು ಬೈದುಕೊಂಡು ಉಂಡಿದ್ದನ್ನು ಓದುಗರು ನೋಡಿರುತ್ತಾರಲ್ವಾ, ಹಾಗಾಗಿ ನಾನು ಒಂದು ಸಾಲೂ ಜಾಸ್ತಿ ಬರೆಯಲಿಲ್ಲ.

ಕೊನೆ ಅಧ್ಯಾಯ ಮಳೆ ಕೈಕೊಟ್ಟ 2023. ಇಬ್ಬರಿಗೂ 66. ಒಬ್ಬ ನಾಲೆ ನೀರು ಯಾವತ್ತು ಬಿಡ್ತಾರೆ ಅಂತ ಕೇಳುತ್ತಾ ಓಡಾಡುತ್ತಾನೆ, ಇನ್ನೊಬ್ಬ ಕುಕ್ಕರಹಳ್ಳಿ ಕೆರೆ ಸುತ್ತ ವಾಕಿಂಗ್ ಮಾಡುತ್ತಾ ಮಗನ ಫೋನಿಗೆ ಕಾಯುತ್ತಾನೆ. ಯಾವ ಬದುಕು ನಿಜ ಅಂತ ಎಲ್ಲೂ ಹೇಳಿಲ್ಲ. ಕರಡು ಓದಿದ ಮಂಡ್ಯದ ಗೆಳೆಯರು ಗದ್ದೆಯದೇ ನಿಜ, ಇನ್ನೊಂದು ಅವನ ಕಲ್ಪನೆ ಅಂದರು. ಮೈಸೂರಿನವರು ಅಷ್ಟೇ ಖಚಿತವಾಗಿ ಉಲ್ಟಾ ಹೇಳಿದರು. ಇಬ್ಬರಿಗೂ ಹೂಂ ಅಂದೆ.