ಅಕ್ಕನ ಟ್ರಂಕು, ಅಕ್ಕ ನಡೆಸಿದ ಮನೆ

ಮನೆಯ ಹಿರಿಯ ಹೆಣ್ಣುಮಗಳು ಲಿಂಗೈಕ್ಯರಾದ ಮೇಲೆ ಅವರ ಟ್ರಂಕನ್ನು ತೆರೆದು, ಸೀರೆ, ಪಾತ್ರೆ, ಕಾಗದಗಳನ್ನೆಲ್ಲ ಒಂದೇ ಮಧ್ಯಾಹ್ನದಲ್ಲಿ ಹಂಚಿ ಮುಗಿಸುವ ಅವಸರವನ್ನು ನಮ್ಮ ದಾವಣಗೆರೆಯ ಹಲವು ಮನೆಗಳಲ್ಲಿ ಕಂಡಿದ್ದೇನೆ. ಸೈನಿಕನ ಹೆಂಡತಿಯಾಗಿ ಬಾಳಿದವರ ಟ್ರಂಕಿನ ವಿಷಯದಲ್ಲಿ ಈ ಅವಸರ ಖಂಡಿತ ಸಲ್ಲದು. ನಮ್ಮ ಓರಗಿತ್ತಿಯನ್ನು ನಾವೆಲ್ಲ ಅಕ್ಕ ಎಂದೇ ಕರೆಯುತ್ತಿದ್ದೆವು. ಭಾವನವರು ಬೆಂಗಳೂರಿನ ಹಲಸೂರು ಕೆರೆಯ ಬಳಿ ಇರುವ ಮದ್ರಾಸ್ ಇಂಜಿನಿಯರ್ ಗ್ರೂಪಿನಲ್ಲಿ ತರಬೇತಿ ಪಡೆದು ಸ್ಯಾಪರ್, ಅಂದರೆ ಸೇನೆಯ ಇಂಜಿನಿಯರಿಂಗ್ ದಳದ ಸೈನಿಕ, ಆದವರು. ಅವರು ಫೀಲ್ಡಿನಲ್ಲಿ, ಅಂದರೆ ಗಡಿಯಂಥ ಕಾರ್ಯಾಚರಣೆಯ ಪ್ರದೇಶದಲ್ಲಿ, ಇದ್ದಾಗಲೆಲ್ಲ ಕುಟುಂಬವನ್ನು ಜೊತೆಗೆ ಇಟ್ಟುಕೊಳ್ಳಲು ಅವಕಾಶವಿಲ್ಲದ್ದರಿಂದ ಅಕ್ಕ ಇಲ್ಲಿಯೇ ಇದ್ದು, ಅತ್ತೆ ಮಾವನವರನ್ನೂ ಮಕ್ಕಳನ್ನೂ ಹೊಲವನ್ನೂ ನೋಡಿಕೊಂಡರು. ಅವರನ್ನು ನೆನೆಯುವಾಗ ಅವರು ಮನೆ ನಡೆಸಿದ ಕ್ರಮವನ್ನೇ ಹೇಳಬೇಕೆನಿಸುತ್ತದೆ, ಏಕೆಂದರೆ ಆ ಕ್ರಮ ಇಂದಿಗೂ ಕೆಲಸಕ್ಕೆ ಬರುವಂಥದ್ದು.

ಮೊದಲು ಸರ್ಕಾರದ ಕಾಗದಪತ್ರಗಳ ಮಾತು. ಮರಣವನ್ನು 21 ದಿನಗಳೊಳಗೆ ನೋಂದಾಯಿಸಿ, ಪ್ರಮಾಣಪತ್ರದ ಹಲವು ಪ್ರತಿಗಳನ್ನು ಒಟ್ಟಿಗೇ ಪಡೆದುಕೊಳ್ಳಿ. ಪಿಂಚಣಿ, ಬ್ಯಾಂಕು, ಹೊಲದ ಖಾತೆ ಎಲ್ಲದಕ್ಕೂ ಅದು ಬೇಕಾಗುತ್ತದೆ. ಕುಟುಂಬ ಪಿಂಚಣಿ ಪಡೆಯುತ್ತಿದ್ದವರು ತೀರಿಕೊಂಡ ಸಂಗತಿಯನ್ನು ತಡಮಾಡದೆ ತಿಳಿಸಬೇಕು. ತಿಳಿಸದೆ ಬಿಟ್ಟರೆ ಆಮೇಲೆ ಖಾತೆಗೆ ಬಿದ್ದ ಹಣವನ್ನು ಮರಳಿ ವಸೂಲು ಮಾಡುತ್ತಾರೆ, ಆದ್ದರಿಂದ ಆ ಖಾತೆಯ ಎಟಿಎಂ ಕಾರ್ಡನ್ನು ಮಕ್ಕಳು ಯಾರೂ ಬಳಸಬಾರದು. ಸೇನೆಯ ಕ್ಯಾಂಟೀನ್ ಕಾರ್ಡು ಮತ್ತು ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನ ಕಾರ್ಡನ್ನೂ ಹಿಂದಿರುಗಿಸಿ. ಮನೆಯಲ್ಲಿ ಅವರನ್ನೇ ಆಶ್ರಯಿಸಿದ್ದ ಅಂಗವಿಕಲ ಮಗನೋ ವಿಧವೆಯಾದ ಮಗಳೋ ಇದ್ದರೆ ಪಿಂಚಣಿ ಅವರಿಗೆ ಮುಂದುವರಿಯಬಹುದೇ ಎಂಬುದನ್ನು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯಲ್ಲಿ ಕೇಳಿ ತಿಳಿಯಿರಿ.

ಅಜ್ಜಿ ಇನ್ನೂ ಬದುಕಿರುವ ಮನೆಯವರು ಇದಕ್ಕಿಂತ ಮುಖ್ಯವಾದ ಒಂದು ಕೆಲಸವನ್ನು ಈ ವಾರವೇ ಮಾಡಬೇಕು. ಅಜ್ಜನವರು ಸೇನೆಯಿಂದ ಬಿಡುಗಡೆಯಾದಾಗ ಕೊಟ್ಟ ಡಿಸ್ಚಾರ್ಜ್ ಬುಕ್ಕು, ಪಿಪಿಓ ಎಂಬ ಪಿಂಚಣಿ ಆದೇಶ ಪತ್ರ, ಅಜ್ಜಿಯ ಆಧಾರ್, ಬ್ಯಾಂಕ್ ಪಾಸ್‌ಬುಕ್ಕು ಇವುಗಳನ್ನು ಪಕ್ಕಪಕ್ಕದಲ್ಲಿ ಇಟ್ಟುಕೊಂಡು, ಹೆಸರು ಮತ್ತು ಹುಟ್ಟಿದ ತಾರೀಖು ಅಕ್ಷರಕ್ಕೆ ಅಕ್ಷರ ಒಂದೇ ಇವೆಯೇ ಎಂದು ನೋಡಿ. ಮದುವೆಯಾದಾಗ ಪಲ್ಟನ್ನಿನ ದಾಖಲೆಯಲ್ಲಿ ಗೌರಮ್ಮ ಎಂದು ಬರೆಸಿದ ಹೆಸರು ಆಧಾರ್‌ನಲ್ಲಿ ಗೌರವ್ವ ಎಂದಾಗಿರುವುದು ನಮ್ಮ ಕಡೆ ತೀರ ಸಾಮಾನ್ಯ. ಊರಿನ ವಿಳಾಸದಲ್ಲಿಯೂ ವ್ಯತ್ಯಾಸ ಕಾಣುತ್ತದೆ: ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ, ಆದ್ದರಿಂದ ಅದಕ್ಕೆ ಮೊದಲಿನ ಸೇನಾ ದಾಖಲೆಗಳಲ್ಲಿ ದಾವಣಗೆರೆ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ ಎಂದೇ ಇರುತ್ತದೆ. ಹಳೆಯ ರೇಷನ್ ಕಾರ್ಡೊಂದನ್ನು ಎಸೆಯದೆ ಇಟ್ಟುಕೊಂಡಿದ್ದರೆ ಇಂಥ ಪ್ರಶ್ನೆಗೆ ಉತ್ತರ ಕೈಯಲ್ಲೇ ಇರುತ್ತದೆ. ಪಿಂಚಣಿದಾರರು ಬದುಕಿದ್ದಾರೆಂದು ತೋರಿಸಲು ವರ್ಷಕ್ಕೊಮ್ಮೆ ಕೊಡಬೇಕಾದ ಜೀವನ ಪ್ರಮಾಣ ಪತ್ರದ ಗಡುವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ರೊಟ್ಟಿ ಬಡಿದು, ಪಾತ್ರೆ ತಿಕ್ಕಿ ಸವೆದ ಬೆರಳುಗಳ ಗುರುತನ್ನು ಯಂತ್ರ ಹಿಡಿಯದಿದ್ದರೆ ಹಿರಿಯರು ನೊಂದುಕೊಳ್ಳುತ್ತಾರೆ; ಈಗ ಮೊಬೈಲಿನಲ್ಲಿ ಮುಖ ತೋರಿಸಿಯೂ ಅದನ್ನು ಮಾಡಿಸಬಹುದು, ಮೊಮ್ಮಕ್ಕಳು ಹತ್ತಿರ ಕೂತು ಮಾಡಿಸಿಕೊಡಲಿ. ಅಕ್ಕ ಈ ಕಾಗದಗಳನ್ನೆಲ್ಲ ಒಂದೇ ಬಟ್ಟೆಯ ಚೀಲದಲ್ಲಿಟ್ಟು, ಅದು ಎಲ್ಲಿದೆಯೆಂಬುದನ್ನು ಮನೆಯ ಚಿಕ್ಕ ಸೊಸೆಗೂ ತಿಳಿಸಿದ್ದರು. ನಾಳೆ ತಾವು ಇಲ್ಲದಿದ್ದರೂ ಮನೆ ನಿಲ್ಲಬಾರದು ಎಂಬ ಎಚ್ಚರ ಅವರಿಗೆ ಸೈನಿಕನ ಸಂಸಾರದಿಂದಲೇ ಬಂದದ್ದು.

ಇನ್ನು ಪತ್ರಗಳು. ನನ್ನ ದೃಷ್ಟಿಯಲ್ಲಿ ಆ ಟ್ರಂಕಿನಲ್ಲಿ ಬಂಗಾರಕ್ಕಿಂತ ಬೆಲೆಯುಳ್ಳವು ಇವೇ. ಫೀಲ್ಡಿನಿಂದ ಬರುತ್ತಿದ್ದ ಇನ್‌ಲ್ಯಾಂಡ್ ಪತ್ರಗಳ ಮೇಲೆ 56 ಎಪಿಓ ಅಥವಾ 99 ಎಪಿಓ ಎಂದು ಸೇನಾ ಅಂಚೆ ಕಚೇರಿಯ ಸಂಖ್ಯೆಯಷ್ಟೇ ಇರುತ್ತಿತ್ತು. ಬರೆದವರು ಯಾವ ಊರಿನಲ್ಲಿದ್ದಾರೆ, ಯಾವ ಗುಡ್ಡದ ಮೇಲಿದ್ದಾರೆ ಎಂಬುದು ಮನೆಯವರಿಗೆ ತಿಳಿಯುತ್ತಿರಲಿಲ್ಲ. 1971ರ ಡಿಸೆಂಬರ್ 3ರಿಂದ 16ರವರೆಗೆ ಯುದ್ಧ ನಡೆದಾಗ ಅಕ್ಕನಿಗೆ ಆಕಾಶವಾಣಿಯ ವಾರ್ತೆಯೇ ಆಧಾರವಾಗಿತ್ತು. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ಇಷ್ಟಲಿಂಗ ಪೂಜೆ ಮುಗಿಸಿದ ಮೇಲೆಯೇ ಅವರು ರೇಡಿಯೋ ಹಾಕುತ್ತಿದ್ದರು. ಕೆಟ್ಟ ಸುದ್ದಿ ಬರುವುದೇ ಆದರೆ ಪೂಜೆಯಾದ ಮನಸ್ಸಿಗೆ ಬರಲಿ ಎಂದು ಅವರು ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ.

ಇಂಥ ಪತ್ರಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಕಟ್ಟಬೇಡಿ; ಅದು ಕರಗಿ ಕಾಗದಕ್ಕೆ ಅಂಟುತ್ತದೆ. ಹರಿದ ಮಡಿಕೆಗೆ ಸೆಲೋಟೇಪು ಹಚ್ಚಿದರೆ ಕೆಲವು ವರ್ಷಗಳಲ್ಲಿ ಅದು ಹಳದಿಗಟ್ಟಿ ಅಕ್ಷರವನ್ನೇ ನುಂಗುತ್ತದೆ. ಲ್ಯಾಮಿನೇಷನ್ ಮಾಡಿಸುವುದಂತೂ ಬೇಡವೇ ಬೇಡ, ಒಮ್ಮೆ ಮಾಡಿಸಿದರೆ ಅದನ್ನು ಬಿಡಿಸಲಾಗದು. ಒಣಗಿದ ಕೈಯಿಂದ ಪತ್ರವನ್ನು ಬಿಡಿಸಿ, ಸಮತಟ್ಟಾಗಿ ಹರಡಿ, ನೆರಳಿನ ಬೆಳಕಿನಲ್ಲಿ ಎರಡೂ ಮಗ್ಗುಲಿನ ಫೋಟೋ ತೆಗೆದುಕೊಂಡು, ಅಂಚೆ ಮುದ್ರೆಯ ತಾರೀಖಿನ ಕ್ರಮದಲ್ಲಿ ಜೋಡಿಸಿ ರಟ್ಟಿನ ಪೆಟ್ಟಿಗೆಯಲ್ಲಿ ಇಡಿ. ಆ ತಾರೀಖುಗಳನ್ನು ಸರ್ವಿಸ್ ದಾಖಲೆಯ ಪೋಸ್ಟಿಂಗುಗಳೊಡನೆ ಹೋಲಿಸಿದರೆ, ಅಂದು ಅಜ್ಜಿಗೇ ತಿಳಿಯದಿದ್ದ ಸ್ಥಳ ಇಂದು ಮೊಮ್ಮಕ್ಕಳಿಗೆ ತಿಳಿಯುತ್ತದೆ. ಹಳೆಯ ಫೋಟೋಗಳ ಹಿಂದೆ ಪೆನ್ನಿನಿಂದ ಬರೆಯದೆ ಸೀಸದ ಕಡ್ಡಿಯಿಂದ ಹಗುರವಾಗಿ ಹೆಸರು ಬರೆಯಿರಿ. ಪದಕಗಳನ್ನು ಹುಣಸೆಹಣ್ಣು, ಪಾಲಿಶುಗಳಿಂದ ಉಜ್ಜದೆ ಒಣ ಹತ್ತಿಬಟ್ಟೆಯಿಂದ ಒರೆಸಿದರೆ ಸಾಕು, ಅವುಗಳ ರಿಬ್ಬನ್ನಿಗೆ ಬಿಸಿಲು ತಾಗದಂತೆ ನೋಡಿಕೊಳ್ಳಿ.

ಟ್ರಂಕನ್ನು ನೆಲದ ಮೇಲೆ ನೇರವಾಗಿ ಇಡದೆ ಇಟ್ಟಿಗೆ ಅಥವಾ ಮರದ ಹಲಗೆಯ ಮೇಲಿಡಿ, ಮಳೆಗಾಲದಲ್ಲಿ ತಳಕ್ಕೆ ತುಕ್ಕು ಹಿಡಿಯುವುದಿಲ್ಲ. ಭಾವನವರು ಉತ್ತರದಿಂದ ತಂದ ಉಣ್ಣೆಯ ಶಾಲುಗಳು ಇಷ್ಟು ವರ್ಷ ಉಳಿದದ್ದು ಅಕ್ಕ ಅವನ್ನು ಒಗೆದು, ಪೂರ್ತಿ ಒಣಗಿಸಿ, ಆರಿದ ಮೇಲೆ ಮಾತ್ರ ಮಡಿಚಿಡುತ್ತಿದ್ದುದರಿಂದ. ಬೆವರಿನ ಕಲೆಯಿರುವ ಉಣ್ಣೆಗೆ ಹುಳು ಬೇಗ ಬೀಳುತ್ತದೆ. ನುಸಿಗುಳಿಗೆಯನ್ನು ಚಿಕ್ಕ ಬಟ್ಟೆಯ ಗಂಟಿನಲ್ಲಿ ಕಟ್ಟಿ ಮೂಲೆಯಲ್ಲಿಡಿ, ಮತ್ತು ಅದರ ಜೊತೆ ಕರ್ಪೂರವನ್ನು ಎಂದಿಗೂ ಇಡಬೇಡಿ; ಎರಡೂ ಸೇರಿದರೆ ನೀರಾಗಿ ಬಟ್ಟೆಗೆ ಕಲೆಯಾಗುತ್ತದೆ. ಜರಿಯ ಸೀರೆಗೆ ನುಸಿಗುಳಿಗೆ ತಾಗಲೇಬಾರದು. ಅದನ್ನು ಹಳೆಯ ಮೆತ್ತನೆಯ ಧೋತರದಲ್ಲಿ ಸುತ್ತಿ, ಕೆಲವು ತಿಂಗಳಿಗೊಮ್ಮೆ ಬಿಡಿಸಿ, ಮಡಿಕೆಯ ಜಾಗ ಬದಲಿಸಿ ಮಡಿಚಿರಿ. ಸೀರೆಗಳನ್ನು ಹಂಚುವಾಗ ಪ್ರತಿಯೊಂದರ ಜೊತೆ ಅದು ಯಾವ ಸಂದರ್ಭದ್ದೆಂದು ಒಂದು ಚೀಟಿ ಬರೆದಿಟ್ಟರೆ ಒಳ್ಳೆಯದು, ಪಡೆದವರು ಅದನ್ನು ಬೇರೆ ಸೀರೆಯೊಡನೆ ಬೆರೆಸುವುದಿಲ್ಲ.

ಅಕ್ಕನ ಅಡುಗೆಮನೆಯ ಕ್ರಮವೂ ಪಲ್ಟನ್ನಿಗೆ ಹೋಗುವವರಿಗಾಗಿಯೇ ರೂಪುಗೊಂಡಿತ್ತು. ರಜೆ ಮುಗಿಸಿ ಭಾವನವರು ಹೊರಡುವಾಗ ಖಡಕ್ ಸಜ್ಜೆ ರೊಟ್ಟಿ, ಗುರೆಳ್ಳು ಪುಡಿ, ಚಳ್ಳಕೆರೆ ಕಡೆಯ ಶೇಂಗಾದ ಚಟ್ನಿಪುಡಿ ಡಬ್ಬಿಗೆ ಬೀಳುತ್ತಿದ್ದವು. ರೊಟ್ಟಿಯನ್ನು ಕೆಂಡದ ಬಳಿ ನಿಲ್ಲಿಸಿ, ನಡುವಿನಲ್ಲಿಯೂ ಮೆತ್ತಗಿಲ್ಲದಂತೆ ಒಣಗಿಸಬೇಕು. ಪುಡಿಗೆ ಹಾಕುವ ಬೆಳ್ಳುಳ್ಳಿಯನ್ನೂ ಹುಣಸೆಹಣ್ಣನ್ನೂ ಹುರಿದು ಹಸಿ ತೆಗೆಯಬೇಕು, ಪೂರ್ತಿ ಆರುವ ಮೊದಲು ಮುಚ್ಚಳ ಹಾಕಬಾರದು. ಶೇಂಗಾ ಬೇಗ ಕಮಟು ಹಿಡಿಯುವುದರಿಂದ ಅದನ್ನು ಮೊದಲು ತಿಂದು ಮುಗಿಸುವಂತೆ ಮೇಲೆಯೇ ಇಡುತ್ತಿದ್ದರು. ಈಗ ಹಾಸ್ಟೆಲಿಗೆ ಹೋಗುವ ಮೊಮ್ಮಕ್ಕಳಿಗೂ ಇದೇ ಕ್ರಮ ಸಾಕು. ವರ್ಷದ ಜೋಳವನ್ನು ಒಣಗಿಸಿದ ಮೇಲೆ ಬಿಸಿಬಿಸಿಯಾಗಿಯೇ ತುಂಬಬೇಡಿ. ಒಳಗೆ ಬೆವರಿ ಬೂಷ್ಟು ಬರುತ್ತದೆ. ತೊಗರಿಬೇಳೆಗೆ ಕಿಲೋ ಒಂದಕ್ಕೆ ಒಂದು ಚಮಚ ಹರಳೆಣ್ಣೆ ಸವರಿಟ್ಟರೆ ಹುಳು ಬೀಳುವುದು ಕಡಿಮೆ.

ಅಕ್ಕನ ಭಕ್ತಿಯನ್ನು ನೆನೆಯುವ ರೀತಿಯೂ ಮನೆಯ ಕೆಲಸದಂತೆಯೇ ಇರಲಿ ಎಂಬುದು ನನ್ನ ಅಭಿಪ್ರಾಯ. ಭಾವನವರು ಗಡಿಯಿಂದ ಸುರಕ್ಷಿತವಾಗಿ ಬಂದರೆ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಜಾತ್ರೆಯಲ್ಲಿ ಕೊಬ್ಬರಿ ಸುಡುವೆನೆಂದು ಹರಕೆ ಹೊತ್ತಿದ್ದ ಅವರು, ಹರಕೆ ತೀರಿದ ಮೇಲೆಯೂ ಫಾಲ್ಗುಣದ ಆ ತೇರಿಗೆ ಹೋಗುವುದನ್ನು ಬಿಡಲಿಲ್ಲ. ಮಾಡಿದಷ್ಟು ನೀಡು ಭಿಕ್ಷೆ ಎಂಬ ಸ್ವಾಮಿಯ ಮಾತನ್ನು ಅವರು ಕೂಲಿಯ ವಿಷಯದಲ್ಲಿ ಪಾಲಿಸಿದರು: ಹೊಲದಲ್ಲಿ ದುಡಿದವರ ಹಣವನ್ನು ಹೊತ್ತು ಮುಳುಗುವ ಮೊದಲೇ ಎಣಿಸಿ ಕೊಡುತ್ತಿದ್ದರು, ಮನಿ ಆರ್ಡರ್ ತಡವಾದ ತಿಂಗಳಲ್ಲಿಯೂ ಅದಕ್ಕೆಂದು ಬೇರೆ ಡಬ್ಬಿಯಲ್ಲಿ ಹಣ ತೆಗೆದಿಡುತ್ತಿದ್ದರು. ಅವರ ಪುಣ್ಯತಿಥಿಯಂದು ದೊಡ್ಡ ಪೆಂಡಾಲು ಹಾಕುವ ಬದಲು ಆ ಡಬ್ಬಿಯನ್ನು ಮನೆಯಲ್ಲಿ ಮುಂದುವರಿಸಿ, ವರ್ಷದ ಕೊನೆಗೆ ಉಳಿದದ್ದನ್ನು ದಾಸೋಹಕ್ಕೆ ಕೊಡೋಣವೆಂದು ಸೊಸೆಯಂದಿರಿಗೆ ಹೇಳಿದ್ದೇನೆ, ಅವರೂ ಒಪ್ಪಿದ್ದಾರೆ.

ನಿಮ್ಮ ಮನೆಯ ಇಂಥ ಅಜ್ಜಿಯ ಜೀವನವನ್ನು ಬರೆದಿಡಬೇಕೆಂದಿದ್ದರೆ, ಮಕ್ಕಳನ್ನು ಕೇಳುವ ಮೊದಲು ಅವರ ಓರಗೆಯ ನೆರೆಮನೆಯವರನ್ನೂ, ಅಜ್ಜನವರ ಜೊತೆ ಸೇವೆಯಲ್ಲಿದ್ದವರನ್ನೂ, ಕ್ವಾರ್ಟರ್ಸಿನಲ್ಲಿ ಪಕ್ಕದ ಮನೆಯಲ್ಲಿದ್ದ ಹೆಣ್ಣುಮಕ್ಕಳನ್ನೂ ಮಾತನಾಡಿಸಿ; ಅವರಿಗೂ ವಯಸ್ಸಾಗಿದೆ. ಅವರ ಹಿಂದಿ, ತಮಿಳು, ತೆಲುಗು ಮಾತುಗಳನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು, ಅದೇ ದಿನ ತಾರೀಖು, ಹೆಸರು ಹಾಕಿ ಎರಡು ಕಡೆ ಉಳಿಸಿ. ಅಜ್ಜಿ ಏನು ಅಡುಗೆ ಮಾಡುತ್ತಿದ್ದರು, ಹಣ ಸಾಲದಾಗ ಏನು ಮಾಡಿದರು, ಯಾರ ಹೆರಿಗೆಗೆ ನಿಂತರು, ಪತ್ರ ಬಾರದ ದಿನಗಳಲ್ಲಿ ಹೇಗಿದ್ದರು ಎಂದು ಬಿಡಿಬಿಡಿಯಾಗಿ ಕೇಳಿ. ಹೇಗಿದ್ದರು ಎಂದಷ್ಟೇ ಕೇಳಿದರೆ ಒಳ್ಳೆಯವರಿದ್ದರು ಎಂಬುದಕ್ಕಿಂತ ಹೆಚ್ಚಿನ ಉತ್ತರ ಸಿಗುವುದಿಲ್ಲ.