ಹುಬ್ಬಳ್ಳಿಯಿಂದ ಮೈಸೂರಿಗೆ ಆಕಾಶದಲ್ಲಿ ಎಷ್ಟು ದೂರ? ನೀವೇ ಲೆಕ್ಕ ಹಾಕಿ

ಮೊಬೈಲ್ ನಕ್ಷೆಗೆ ಎರಡು ಊರುಗಳ ಹೆಸರು ಕೊಟ್ಟರೆ ಅದು ಹೇಳುವುದು ರಸ್ತೆಯ ದೂರ. ವಿಮಾನಕ್ಕೆ ಘಟ್ಟದ ತಿರುವೂ ಇಲ್ಲ, ಟೋಲ್ ಗೇಟೂ ಇಲ್ಲ. ಹುಬ್ಬಳ್ಳಿಯ ಗೋಕುಲ ರಸ್ತೆಯ ವಿಮಾನ ನಿಲ್ದಾಣದಿಂದ ಮೈಸೂರಿನ ಮಂಡಕಳ್ಳಿಗೆ ಗೆರೆ ಎಳೆದಂತೆ ಹಾರಿದರೆ ಎಷ್ಟಾಗುತ್ತದೆ ಎಂದು ತಿಳಿಯಲು ಹೈಸ್ಕೂಲಿನ ಗಣಿತವೇ ಸಾಕು.

ಮೊದಲು ಗೂಗಲ್ ಮ್ಯಾಪ್ಸ್‌ನಲ್ಲಿ ರನ್‌ವೇ ಹುಡುಕಿ, ಅದರ ಮೇಲೆ ಬೆರಳು ಒತ್ತಿ ಹಿಡಿಯಿರಿ. ಅಕ್ಷಾಂಶ ಮತ್ತು ರೇಖಾಂಶ ಕಾಣುತ್ತವೆ. ಊರಿನ ಹೆಸರಿನ ಮೇಲೆ ಒತ್ತಬೇಡಿ. ಮಂಡಕಳ್ಳಿ ಇರುವುದು ನಗರದ ನಡುಭಾಗದಿಂದ ಸುಮಾರು 10 ಕಿ.ಮೀ. ಆಚೆ. ಹುಬ್ಬಳ್ಳಿ ನಿಲ್ದಾಣಕ್ಕೆ 15.36 ಮತ್ತು 75.08, ಮೈಸೂರಿನದಕ್ಕೆ 12.23 ಮತ್ತು 76.65 ಎಂದು ಬರೆದುಕೊಳ್ಳಿ.

ಹೆಚ್ಚಿನವರು ಎಡವುವುದು ಇಲ್ಲೇ. ಕೆಲವು ಕಡೆ ಇದೇ ಸಂಖ್ಯೆಗಳನ್ನು ಡಿಗ್ರಿ, ಮಿನಿಟುಗಳಲ್ಲಿ ಕೊಟ್ಟಿರುತ್ತಾರೆ. 15 ಡಿಗ್ರಿ 30 ಮಿನಿಟು ಎಂದರೆ 15.30 ಅಲ್ಲ, 15.5. ಡಿಗ್ರಿಗೆ 60 ಮಿನಿಟು, ಗಡಿಯಾರದ ಹಾಗೆ. ಈ ಒಂದು ತಪ್ಪಿಗೆ ವಿಮಾನ 22 ಕಿ.ಮೀ. ಆಚೆ ಯಾರದೋ ಹೊಲದಲ್ಲಿ ಇಳಿದಿರುತ್ತದೆ.

ಈಗ ಕಳೆಯಿರಿ. ಅಕ್ಷಾಂಶದ ವ್ಯತ್ಯಾಸ 3.13. ಒಂದು ಡಿಗ್ರಿಗೆ ಸುಮಾರು 111 ಕಿ.ಮೀ. ಹಿಡಿದರೆ ಉತ್ತರ–ದಕ್ಷಿಣ ದೂರ 347 ಕಿ.ಮೀ. ರೇಖಾಂಶದ ವ್ಯತ್ಯಾಸ 1.57. ಇದನ್ನೂ ನೇರವಾಗಿ 111ರಿಂದ ಗುಣಿಸುವಂತಿಲ್ಲ. ರೇಖಾಂಶದ ಗೆರೆಗಳು ಕಿತ್ತಳೆಯ ತೊಳೆಗಳಂತೆ. ಸಮಭಾಜಕದಲ್ಲಿ ಅಗಲವಾಗಿದ್ದು ಧ್ರುವದತ್ತ ಸಾಗಿದಂತೆ ಕಿರಿದಾಗುತ್ತವೆ. ಎಷ್ಟು ಕಿರಿದಾಗಿವೆ ಎಂಬುದನ್ನು ಅಕ್ಷಾಂಶದ ಕೊಸೈನ್ ಹೇಳುತ್ತದೆ. ಎರಡೂ ನಿಲ್ದಾಣಗಳ ಸರಾಸರಿ ಅಕ್ಷಾಂಶ 13.8, ಅದರ ಕೊಸೈನ್ 0.97. ಗುಣಿಸಿದಾಗ ಪೂರ್ವ–ಪಶ್ಚಿಮ ದೂರ 169 ಕಿ.ಮೀ.

ಉಳಿದಿದ್ದು ಪೈಥಾಗೊರಸ್ ಪ್ರಮೇಯ. ಎರಡರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ 386 ಕಿ.ಮೀ. ಬರುತ್ತದೆ. ಪೈಲಟ್‌ಗಳ ಭಾಷೆ ಬೇಕಿದ್ದರೆ 1.852ರಿಂದ ಭಾಗಿಸಿ: ಸುಮಾರು 208 ನಾಟಿಕಲ್ ಮೈಲಿ. ದೆಹಲಿ, ದುಬೈಯಂಥ ದೂರಗಳಿಗೆ ಈ ಸುಲಭ ದಾರಿಯನ್ನು ನಂಬಬೇಡಿ, ಭೂಮಿಯ ದುಂಡುತನ ಲೆಕ್ಕ ಕೆಡಿಸುತ್ತದೆ.

ಸಮಯದ ಲೆಕ್ಕಕ್ಕೆ ಯಾವ ವಿಮಾನ ಎಂಬುದು ಗೊತ್ತಿರಬೇಕು. ಅದನ್ನು ಅರ್ಧ ತೀರ್ಮಾನಿಸುವುದು ರನ್‌ವೇ. ಮಂಡಕಳ್ಳಿಯದು 1,740 ಮೀಟರ್, ಏರ್‌ಬಸ್ 320ರಂಥ ಜೆಟ್‌ಗಳಿಗೆ ಇಕ್ಕಟ್ಟು. ಆದ್ದರಿಂದ ಎಟಿಆರ್ 72ರಂಥ ಪ್ರೊಪೆಲರ್ ವಿಮಾನವನ್ನೇ ಲೆಕ್ಕಕ್ಕೆ ಹಿಡಿಯಿರಿ. ಅದರ ವೇಗ ಗಂಟೆಗೆ ಸುಮಾರು 500 ಕಿ.ಮೀ. ಅಂದರೆ 46 ನಿಮಿಷ. ಜೆಟ್ ಬಂದರೂ ಇಷ್ಟು ಹತ್ತಿರದ ದಾರಿಯಲ್ಲಿ ಹೆಚ್ಚೇನೂ ಉಳಿಯುವುದಿಲ್ಲ. ಪೂರ್ಣ ಎತ್ತರಕ್ಕೆ ಏರುವಷ್ಟರಲ್ಲಿ ಇಳಿಯುವ ಹೊತ್ತಾಗಿರುತ್ತದೆ.

ಈ 46 ನಿಮಿಷವನ್ನು ಹಿಡಿದುಕೊಂಡು ಟಿಕೆಟ್ ನೋಡಿದರೆ ಗಾಬರಿಯಾದೀತು. ವೇಳಾಪಟ್ಟಿಯ ಗಡಿಯಾರ ಓಡಲು ಶುರುವಾಗುವುದು ವಿಮಾನ ನಿಂತ ಜಾಗದಿಂದ ಹೊರಟಾಗ, ನಿಲ್ಲುವುದು ಇನ್ನೊಂದು ನಿಲ್ದಾಣದಲ್ಲಿ ಅದು ಮತ್ತೆ ನಿಂತಾಗ. ರನ್‌ವೇವರೆಗಿನ ಓಡಾಟ, ಏರುವಾಗಿನ ನಿಧಾನ, ಇಳಿಯುವ ಮೊದಲಿನ ಸುತ್ತು, ಎದುರುಗಾಳಿ ಎಲ್ಲಕ್ಕೂ 20 ನಿಮಿಷ ಸೇರಿಸಿ. ಒಂದು ಗಂಟೆ ಐದಾರು ನಿಮಿಷ ಎಂದು ಬರೆದುಕೊಳ್ಳಿ. ಇದು ನೇರ ವಿಮಾನದ ಮಾತು. ಸಣ್ಣ ನಿಲ್ದಾಣಗಳ ನಡುವಿನ ಸೇವೆಗಳು ಶುರುವಾಗಿ ನಿಲ್ಲುವುದುಂಟು, ಹಾಗಾಗಿ ಆ ದಿನದ ವೇಳಾಪಟ್ಟಿ ನೋಡಿಕೊಳ್ಳಿ. ಬೆಂಗಳೂರಿನಲ್ಲಿ ವಿಮಾನ ಬದಲಿಸಬೇಕಾಗಿ ಬಂದರೆ ಈ ಲೆಕ್ಕವೆಲ್ಲ ಬದಿಗಿಟ್ಟು ರೈಲಿನ ಸಮಯವನ್ನೂ ಒಮ್ಮೆ ಹೋಲಿಸಿ ನೋಡಿ.