ಕೆಂಪು ಕೋಟು ಹೊಲಿದದ್ದು, ಬಿಳಿ ಹ್ಯಾಟಿಗೆ ಚಹಾ ಬಳಿದದ್ದು

ಇಂಗ್ಲೆಂಡಿನಲ್ಲಿರುವ ಅಕ್ಕನ ಮಗ ಹಳೆಯ ಯುದ್ಧಗಳನ್ನು ಮೈದಾನದಲ್ಲಿ ಆಡಿ ತೋರಿಸುವ ತಂಡ ಸೇರಿದ್ದಾನೆ. "ಮಾವ, 1879ರ ಜುಲು ಯುದ್ಧದ ಬ್ರಿಟಿಷ್ ಸಿಪಾಯಿ ಡ್ರೆಸ್ ನೀವೇ ಹೊಲಿದುಕೊಡಿ" ಅಂದ. ಬ್ಯಾಂಡ್‌ಸೆಟ್‌ನವರಿಗೆ, ನಾಟಕದವರಿಗೆ ಮೂವತ್ತು ವರ್ಷದಿಂದ ಕೋಟು ಹೊಲಿಯುತ್ತಿದ್ದೇನೆ, ಒಪ್ಪಿಕೊಂಡೆ.

ಅವನಿಗೆ ಬೇಕಿದ್ದದ್ದು 24ನೇ ಕಾಲಾಳು ದಳದ ಉಡುಪು. ಆ ವರ್ಷ ಜನವರಿ 22ರಂದು ದಕ್ಷಿಣ ಆಫ್ರಿಕಾದ ಇಸಾಂಡ್ಲ್ವಾನಾದಲ್ಲಿ ಅಲ್ಲಿನ ಜುಲು ಜನರ ಸೈನ್ಯ ಈ ದಳದ ಆರು ಕಂಪನಿಗಳನ್ನು ಅಳಿಸಿಹಾಕಿತು. ಅದೇ ಸಂಜೆಯಿಂದ ಹತ್ತಿರದ ರೋರ್ಕ್ಸ್ ಡ್ರಿಫ್ಟ್ ಠಾಣೆಯಲ್ಲಿ ರಾತ್ರಿಯಿಡೀ ಕಾದಾಡಿ ಉಳಿದದ್ದೂ ಇದೇ ದಳದ ಇನ್ನೊಂದು ಕಂಪನಿ.

ಕೋಟು ದಾಸವಾಳದ ಕೆಂಪಿನ ಉಣ್ಣೆ ಸರ್ಜ್. ಐದು ಹಿತ್ತಾಳೆ ಗುಂಡಿ, ಕಾಲರಿನಲ್ಲಿ ದಳದ ಗುರುತಿನ ಹಸಿರು. ಪ್ಯಾಂಟು ಕಡುನೀಲಿ, ಹೊರಹೊಲಿಗೆಯ ಉದ್ದಕ್ಕೂ ತೆಳ್ಳನೆ ಕೆಂಪು ಪೈಪಿಂಗ್. ಅಲ್ಲಿ ಜನವರಿ ಎಂದರೆ ನಡುಬೇಸಿಗೆ. ಆ ಬಿಸಿಲಲ್ಲಿ ಉಣ್ಣೆ ತೊಟ್ಟು, ಬೆಲ್ಟಿನ ಮುಂದಿನ ಎರಡು ಚೀಲದಲ್ಲಿ ಇಪ್ಪತ್ತಿಪ್ಪತ್ತು, ಇನ್ನೊಂದು ಚೀಲದಲ್ಲಿ 30, ಒಟ್ಟು 70 ತೋಟಾ ಹೊತ್ತು ನಡೆದವರು ಅವರು. ಆ ಭಾರಕ್ಕೆ ಬೆಲ್ಟು ಕೆಳಕ್ಕೆ ಜಗ್ಗುತ್ತದೆ. ಅದಕ್ಕೇ ಕೋಟಿನ ಸೊಂಟವನ್ನು ಒಂದೂವರೆ ಇಂಚು ಸಡಿಲ ಬಿಟ್ಟೆ. ಹೊಲಿಗೆಯಲ್ಲಿ ಇದಕ್ಕಿಂತ ಹೆಚ್ಚಿನ ಕಷ್ಟವೇನೂ ಬರಲಿಲ್ಲ.

ಕಷ್ಟ ಕೊಟ್ಟದ್ದು ಹೆಲ್ಮೆಟ್. ಕಾರ್ಕಿನ ಮೇಲೆ ಆರು ತುಂಡು ಬಿಳಿ ಬಟ್ಟೆ ಜೋಡಿಸಿ ಹೊಲಿದ ಹ್ಯಾಟು ಅದು. ಬಿಸಿಲಲ್ಲಿ ಬಿಳಿ ದೂರದಿಂದಲೇ ಕಣ್ಣಿಗೆ ಬೀಳುತ್ತದೆಂದು ಸಿಪಾಯಿಗಳು ಮುಂದಿನ ಹಿತ್ತಾಳೆ ಬಿಲ್ಲೆ ಕಿತ್ತು, ಚಹಾ, ಕಾಫಿ, ಕೆಸರು, ಕೈಗೆ ಸಿಕ್ಕಿದ್ದನ್ನು ಬಳಿಯುತ್ತಿದ್ದರು. ನಾನೂ ಚಹಾ ಕುದಿಸಿದೆ, ಕಬ್ಬಿಣದ ಬಾಣಲೆಯಲ್ಲಿ. ಅಲ್ಲೇ ಎಡವಿದೆ. ಚಹಾದ ಒಗರಿಗೆ ಕಬ್ಬಿಣ ಸೇರಿದರೆ ಕಪ್ಪಾಗುತ್ತದೆ. ಬಟ್ಟೆ ಮಸಿ ಒರೆಸಿದ ಹಾಗೆ ಬೂದುಬಣ್ಣಕ್ಕೆ ತಿರುಗಿತು. ಹೊದಿಕೆ ಬಿಚ್ಚಿ ಹೊಸದು ಹೊಲಿಯಲು ಎರಡು ದಿನ ಹಿಡಿಯಿತು.

ಎರಡನೇ ಸಲ ಸ್ಟೀಲ್ ಪಾತ್ರೆ. ಲೀಟರ್ ನೀರಿಗೆ ಎಂಟು ಚಮಚ ಪುಡಿ ಹಾಕಿ, ಅರ್ಧಕ್ಕೆ ಇಳಿಸಿ, ಸೋಸಿಕೊಂಡೆ. ಕಾರ್ಕು ನೆನೆಯಬಾರದು. ಹಿಂಡಿದ ಬಟ್ಟೆಯಲ್ಲಿ ಒತ್ತಿ ಒತ್ತಿ ಬಳಿದು ಬಿಸಿಲಿಗಿಟ್ಟೆ, ಹೀಗೆ ನಾಲ್ಕು ಸಲ. ಹೊಲಿಗೆಯ ಅಂಚಿನಲ್ಲಿ ಡಿಕಾಕ್ಷನ್ ನಿಂತು ಗಾಢವಾಯಿತು, ತುಂಡಿನ ನಡುವೆ ಮೋಡದ ಹಾಗೆ ತೆಳುವಾಗಿ ಹರಡಿತು. ಒಂದೇ ಸಮ ಬರಲಿಲ್ಲ, ಬರಲೂಬಾರದು. ಡೇರೆಯಲ್ಲಿ ಕೂತು ಲೋಟದ ಚಹಾ ಬಳಿದುಕೊಂಡವನ ಹ್ಯಾಟು ಮಿಲ್ಲಿನ ಖಾಕಿಯ ಹಾಗೆ ಕಂಡರೆ ನಾನು ಮಾಡಿದ್ದು ಸುಳ್ಳಾಗುತ್ತದೆ.

ಕೊನೆಗೆ ಉಳಿದದ್ದು ಪ್ಯಾಂಟು. ಈ ದಳದವರಲ್ಲಿ ಹಲವರು ಇದಕ್ಕೆ ಮುಂಚೆ ದಕ್ಷಿಣ ಆಫ್ರಿಕಾದಲ್ಲೇ ನಡೆದ 1877–78ರ ಕೇಪ್ ಗಡಿಯುದ್ಧದಲ್ಲೂ ಇದ್ದವರು. ಹೊಸ ಬಟ್ಟೆ ಅವರ ಮೈಮೇಲೆ ಎಲ್ಲಿಂದ ಬರಬೇಕು? ನನ್ನದೇ ಹೊಲಿಗೆಯ ಮೊಣಕಾಲನ್ನು ಒಗೆಯುವ ಕಲ್ಲಿಗೆ ಉಜ್ಜುವಾಗ ಕೈ ಹಿಂಜರಿಯಿತು. ಆದರೂ ಹರಿಯುವ ತನಕ ಉಜ್ಜಿ, ಬೇರೆ ಬಣ್ಣದ ತೇಪೆಯನ್ನು ಕೈಹೊಲಿಗೆಯಲ್ಲೇ ಹಾಕಿದೆ. ಹೆಲ್ಮೆಟ್ಟಿನ ಮುಂಭಾಗದಲ್ಲಿ, ಬಿಲ್ಲೆಯ ಕೊಂಡಿ ತೂರಿಸಿದ್ದ ತೂತುಗಳನ್ನು ಮುಚ್ಚದೆ ಹಾಗೇ ಬಿಟ್ಟಿದ್ದೇನೆ.